ವಾರ್ಡಿಗೆ ಕಾಲಿಟ್ಟ ಕೂಡಲೇ ಕುಗ್ಗಿಹೋಗೋ ನರ್ಸಿಂಗ್ ವಿದ್ಯಾರ್ಥಿಗಳು: ಮೋಟಿವೇಶನ್ ಕ್ಲಾಸ್ ಬಿಟ್ಟು ಬೇರೇನು ಮಾಡಬಹುದು?

ಮಲೆನಾಡ ಟ್ಯೂಟರ್

ಬಿ.ಎಸ್ಸಿ ನರ್ಸಿಂಗ್ 3ನೇ ಸೆಮಿಸ್ಟರ್, 60 ಮಂದಿಯ ಬ್ಯಾಚ್. ಅಡಲ್ಟ್ ಹೆಲ್ತ್ ಪೋಸ್ಟಿಂಗ್‌ಗೆ ಮೆಡಿಕಲ್, ಸರ್ಜಿಕಲ್ ವಾರ್ಡ್‌ಗಳಿಗೆ ಹೋಗಬೇಕು. ಅರ್ಧಕ್ಕಿಂತ ಹೆಚ್ಚು ಮಂದಿ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಇಂಟರ್ನಲ್ಸ್‌ನಲ್ಲಿ ಚೆನ್ನಾಗೇ ಬರೀತಾರೆ, ವಾರ್ಡಿನಲ್ಲಿ ಮಾತ್ರ ಗೋಡೆಗೆ ಒರಗಿಕೊಂಡು ಗುಂಪಾಗಿ ನಿಂತುಬಿಡ್ತಾರೆ. ಡಾಕ್ಟರು ಏನಾದ್ರೂ ಕೇಳಿದ್ರೆ ತಲೆ ತಗ್ಗಿಸೋದು, ಸ್ಟಾಫ್ ಕರೆದ್ರೆ ಒಬ್ಬರ ಹಿಂದೆ ಒಬ್ಬರು ಸರಿಯೋದು. "ನೀಟ್ ಸಿಗ್ಲಿಲ್ಲ ಅಂತ ಇಲ್ಲಿಗೆ ಬಂದೆ" ಅನ್ನೋ ಬೇಸರ ಬೇರೆ.

ಕಾಲೇಜಿನಲ್ಲಿ ಒಂದು ದಿನದ ಆತ್ಮವಿಶ್ವಾಸ ಕಾರ್ಯಾಗಾರ ಇಟ್ಟು ಮುಗಿಸೋಣ ಅಂತಿದ್ದಾರೆ. ಆತ್ಮಗೌರವ ಅಳೆಯೋ ರೋಸೆನ್‌ಬರ್ಗ್ ಸ್ಕೇಲನ್ನ ಕಾರ್ಯಾಗಾರಕ್ಕೆ ಮೊದಲು ಒಮ್ಮೆ, ಆಮೇಲೆ ಒಮ್ಮೆ ಕೊಟ್ಟು ಅಂಕ ಹೋಲಿಸೋ ಯೋಚನೆ. ಇದರಿಂದ ಪ್ರಯೋಜನ ಇದೆಯಾ? ವಾರ್ಡಿನಲ್ಲೇ ಮಾಡಬಹುದಾದ್ದು ಇದ್ದರೆ ಹೇಳಿ.

ಸ್ಕಿಲ್‌ಲ್ಯಾಬ್ ಮೇಷ್ಟ್ರು

ಕಾರ್ಯಾಗಾರದ ಸಂಜೆ ಎಲ್ಲರೂ ಹುರುಪಿನಲ್ಲಿರ್ತಾರೆ, ಸೋಮವಾರ ವಾರ್ಡಿನಲ್ಲಿ ಮತ್ತೆ ಅದೇ ಗೋಡೆ. ಭಾಷಣ ಕೆಟ್ಟದ್ದು ಅಂತಲ್ಲ, ಅದರ ಬಲ ಅಷ್ಟೇ. 1977ರಲ್ಲಿ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ "ನನ್ನ ಕೈಲಾಗುತ್ತೆ" ಅನ್ನೋ ನಂಬಿಕೆಗೆ ನಾಲ್ಕು ಮೂಲ ಗುರುತಿಸಿದ್ರು: ಸ್ವತಃ ಮಾಡಿ ಗೆದ್ದದ್ದು, ತನ್ನಂಥವರು ಮಾಡಿದ್ದನ್ನ ನೋಡಿದ್ದು, ಬೇರೆಯವರು ಹುರಿದುಂಬಿಸಿದ್ದು, ಆ ಹೊತ್ತಿನಲ್ಲಿ ಮೈ-ಮನಸ್ಸು ಹೇಗಿತ್ತು ಅನ್ನೋದು. ಇದರಲ್ಲಿ ಮೊದಲನೆಯದೇ ಎಲ್ಲಕ್ಕಿಂತ ಗಟ್ಟಿ. ನಾವು ಮಾತ್ರ ಮೂರನೆಯದಕ್ಕೇ ಜೋತುಬಿದ್ದಿದ್ದೀವಿ, ಯಾಕಂದ್ರೆ ಅದಕ್ಕೆ ಮೈಕ್ ಒಂದಿದ್ರೆ ಸಾಕು.

ಪೋಸ್ಟಿಂಗ್‌ಗೆ ಮುಂಚೆ ಲ್ಯಾಬಿನಲ್ಲಿ ಮಾಡೋದಾದ್ರೆ ಕೈಕೆಲಸ ಕಲಿಸೋಕೆ ಪೇಟನ್ ಹೇಳಿದ ನಾಲ್ಕು ಹೆಜ್ಜೆಗಳನ್ನ ಬಿಡದೆ ಪಾಲಿಸಿ. ಮೊದಲು ಟ್ಯೂಟರ್ ಮಾತಿಲ್ಲದೆ, ವಾರ್ಡಿನಲ್ಲಿ ಮಾಡೋ ವೇಗದಲ್ಲೇ ಪೂರ್ತಿ ಮಾಡಿ ತೋರಿಸೋದು. ಎರಡನೇ ಸಲ ನಿಧಾನವಾಗಿ, ಪ್ರತಿ ಹೆಜ್ಜೆಗೂ ಕಾರಣ ಹೇಳ್ತಾ. ಮೂರನೇ ಸಲ ವಿದ್ಯಾರ್ಥಿ ಬಾಯಲ್ಲಿ ಹೇಳಬೇಕು, ಟ್ಯೂಟರ್ ಅವಳು ಹೇಳಿದ್ದನ್ನಷ್ಟೇ ಮಾಡಬೇಕು. ನಾಲ್ಕನೇ ಸಲ ಅವಳೇ ಹೇಳ್ತಾ ಅವಳೇ ಮಾಡೋದು. ಹೊತ್ತಿಲ್ಲ ಅಂತ ನಮ್ಮ ಕಾಲೇಜುಗಳಲ್ಲಿ ಹಾರಿಸೋದು ಮೂರನೇ ಹೆಜ್ಜೆಯನ್ನ. ವಾರ್ಡಿನಲ್ಲಿ ಕೈ ನಡುಗೋದು ಅಲ್ಲಿಂದಲೇ. ಕ್ರಮ ತಲೆಯಲ್ಲಿ ಕೂತಿರಲ್ಲ, ಮುಂದಿನ ಹೆಜ್ಜೆ ಯಾವುದು ಅಂತ ಹುಡುಕೋ ಹೊತ್ತಿನಲ್ಲೇ ರೋಗಿಯ ಮುಖ ನೋಡಬೇಕಾಗುತ್ತೆ. ಮತ್ತೊಂದು, ಹತ್ತು ಮಂದಿಗೆ ಒಂದೇ ಡೆಮೊ ಬೇಡ. ಮುಂದಿನ ಮೂವರಿಗೆ ಟ್ರೇ ಕಾಣುತ್ತೆ, ಉಳಿದವರಿಗೆ ಮುಂದಿನವರ ಬೆನ್ನು. ನಾಲ್ಕೈದು ಮಂದಿಯ ಗುಂಪು ಮಾಡಿ.

ಇನ್‌ಚಾರ್ಜ್ ಸಿಸ್ಟರ್, ಹುಬ್ಬಳ್ಳಿ

ಲ್ಯಾಬ್ ಮಾತು ಖರೆ ಐತ್ರಿ ಸರ್. ಆದ್ರ ಹುಡುಗೂರು ಕುಗ್ಗೂದು ಲ್ಯಾಬಿನ್ಯಾಗ ಅಲ್ಲ, ನಾವು ವಾರ್ಡಿನ್ಯಾಗ ಕೆಲಸ ಹಂಚೂ ರೀತಿಯೊಳಗ. ಒಬ್ಬಾಕಿಗೆ ಇಡೀ ವಾರ್ಡಿನ ಬಿಪಿ, ಇನ್ನೊಬ್ಬಾಕಿಗೆ ಬೆಡ್ ಮೇಕಿಂಗ್, ಮತ್ತೊಬ್ಬಾಕಿಗೆ ಲ್ಯಾಬಿಗೆ ಸ್ಯಾಂಪಲ್ ಒಯ್ಯೂದು. ಹದಿನೈದು ದಿನ ಹಿಂಗ ನಡೀತಂದ್ರ ಆಕಿ ನರ್ಸ್ ಆಗೂದಿಲ್ಲ, "ಬಿಪಿ ನೋಡೂ ಹುಡುಗಿ" ಆಗತಾಳ. ಒಬ್ಬ ರೋಗಿಗೆ ಏನಾಗೇತಿ, ನಿನ್ನಿಗಿಂತ ಇವತ್ತು ಹೆಂಗದಾನ, ಯಾಕ ಆ ಔಷಧ ಅನ್ನೂದು ಆಕಿಗೆ ಗೊತ್ತೇ ಇರೂದಿಲ್ಲ. ಗೊತ್ತಿಲ್ಲದಾಕಿ ರೌಂಡ್ಸಿನ್ಯಾಗ ಬಾಯಿ ಹೆಂಗ ಬಿಡತಾಳ್ರಿ?

ಇಬ್ಬರ ಕಷ್ಟಾನೂ ನೋಡಬೇಕು. ದೊಡ್ಡ ವಾರ್ಡಿನ್ಯಾಗ ಸ್ಟಾಫ್ ಕಡಿಮಿ ಇರತಾರ, ಮುಂಜಾನಿ ಬಿಪಿ-ಟೆಂಪರೇಚರ್ ಆಗಲೇಬೇಕು. ಅದಕ್ಕ ನಡುವಿನ ಹಾದಿ ಅಂದ್ರ, 8ರಿಂದ 9ರ ತನಕ ಎಲ್ಲಾರೂ ಕೂಡಿ ವಾರ್ಡಿನ ಕೆಲಸ. 9ರ ಮ್ಯಾಲ ಒಬ್ಬೊಬ್ಬರಿಗೆ ಒಬ್ಬ ರೋಗಿ, ಎರಡನೇ ವಾರದಿಂದ ಇಬ್ಬರು. ಒಂದು ವಾರ ಅದೇ ರೋಗಿ, ಬದಲಿ ಮಾಡಬ್ಯಾಡ್ರಿ. ಡ್ಯೂಟಿ ಬೋರ್ಡಿನ ಮ್ಯಾಲ ಬೆಡ್ ನಂಬರಿನ ಮುಂದ ವಿದ್ಯಾರ್ಥಿ ಹೆಸರು ಬರೀರಿ. ಹ್ಯಾಂಡೋವರ್ (ಶಿಫ್ಟ್ ಬದಲಾಗೂ ಮುಂದ ರೋಗಿಗಳ ಸ್ಥಿತಿ ಹೇಳೂದು) ಹೊತ್ತಿನ್ಯಾಗ ಆ ಬೆಡ್ ಬಂದಾಗ ಸ್ಟಾಫ್ ಸುಮ್ಮನಾಗಿ ಆಕಿ ಹೇಳಬೇಕು, ಬರೇ ಒಂದು ನಿಮಿಷ. ಏನರ ಬಿಟ್ರ ಸ್ಟಾಫ್ ಸೇರಸ್ತಾರ.

ಇನ್ನ ಬಿಪಿ ಚಾರ್ಟ್ ವಿಷಯ. ಸಾಲಾಗಿ 120/80, 110/70, 130/80 ಅಂತ ಎಲ್ಲಾ ಸೊನ್ನಿಗೇ ಮುಗಿದಿದ್ರ ನಂಬಬ್ಯಾಡ್ರಿ. ಮಾಪಕದ ಮ್ಯಾಲ ಎರಡೆರಡು ಮಿಲಿಮೀಟರಿಗೆ ಗೀಟು ಇರತಾವ, ಖರೇನ ನೋಡಿದ್ರ 124, 118, 136 ಅನ್ನೂವೂ ಬರಬೇಕು. ಹುಡುಗಿಗೆ ಸಪ್ಪಳ ಕೇಳಸಿರೂದಿಲ್ಲ, ಕೇಳಸಲಿಲ್ಲ ಅನ್ನಾಕ ಅಂಜಿಕಿ, ನಿನ್ನಿ ಅಂಕಿ ನೋಡಿ ಬರದಿರತಾಳ. ಇದು ಸುಳ್ಳು ಹೇಳೂ ಬುದ್ಧಿ ಅಲ್ಲ, ಬೈಗುಳದ ಅಂಜಿಕಿ. ಆದ್ರ ಅದರಿಂದ ರೋಗಿ ಜೀವಕ್ಕ ಕುತ್ತು.

ಕರಾವಳಿ ಸಿಐ

ಸಿಸ್ಟರ್, ವಾರ್ಡಿನಲ್ಲಿ ವಿದ್ಯಾರ್ಥಿಗಳಿಗೆ ಕಲಿಸುವ ಕ್ಲಿನಿಕಲ್ ಇನ್‌ಸ್ಟ್ರಕ್ಟರ್ (ಸಿಐ) ಆಗಿ ಬಿಪಿ ವಿಷಯಕ್ಕೆ ಇಷ್ಟು ಸೇರಿಸ್ತೇನೆ. "ಕೇಳಿಸಲಿಲ್ಲ" ಅನ್ನುವುದು ಒಪ್ಪಿಕೊಳ್ಳಬಹುದಾದ ಉತ್ತರ ಅಂತ ಮೊದಲ ದಿನವೇ ಹೇಳಬೇಕು, ಆಮೇಲೆ ಯಾರಾದರೂ ಹಾಗೆ ಹೇಳಿದಾಗ ನಗಬಾರದು. ಎರಡು ಜೊತೆ ಇಯರ್‌ಪೀಸ್ ಇರುವ ಟೀಚಿಂಗ್ ಸ್ಟೆತಸ್ಕೋಪ್ ಗುಂಪಿಗೆ ಒಂದಿದ್ದರೆ ಸಾಕು, ಇಬ್ಬರಿಗೂ ಒಂದೇ ಸದ್ದು ಕೇಳುತ್ತದೆ, ವಾದವೇ ಇಲ್ಲ.

ಕೇಳಿಸದೇ ಇರುವುದಕ್ಕೆ ಕಾರಣ ಹೆಚ್ಚಾಗಿ ಕಿವಿ ಅಲ್ಲ. ಇಯರ್‌ಪೀಸ್ ಹಿಂದುಮುಂದಾಗಿ ಹಾಕಿರ್ತಾರೆ, ಅದರ ತುದಿ ಮೂಗಿನ ಕಡೆಗೆ ವಾಲಿರಬೇಕು. ಕಫ್‌ನೊಳಗಿನ ಬ್ಲ್ಯಾಡರ್ ತೋಳಿನ ಸುತ್ತಳತೆಯ ಶೇ. 80ರಷ್ಟನ್ನಾದರೂ ಸುತ್ತಬೇಕು, ದಪ್ಪ ತೋಳಿಗೆ ಚಿಕ್ಕ ಕಫ್ ಕಟ್ಟಿದರೆ ರೀಡಿಂಗ್ ಜಾಸ್ತಿ ಬರುತ್ತದೆ. ನಾಡಿ ಹಿಡಿದುಕೊಂಡು ಗಾಳಿ ತುಂಬಬೇಕು, ನಾಡಿ ನಿಂತ ಜಾಗದಿಂದ ಇನ್ನೂ 30 ಮಿ.ಮೀ. ಮೇಲೇರಿಸಬೇಕು, ಸೆಕೆಂಡಿಗೆ 2ರಿಂದ 3 ಮಿ.ಮೀ. ವೇಗದಲ್ಲಿ ಇಳಿಸಬೇಕು. ಗಾಬರಿಯಾದವರು ವಾಲ್ವ್ ಒಮ್ಮೆಲೇ ಬಿಚ್ಚುತ್ತಾರೆ, ಅಂಕಿ ಸರ್ರನೆ ಇಳಿದುಹೋಗುತ್ತದೆ. ವಾಲ್ವ್ ತಿರುಗಿಸುವ ಬೆರಳನ್ನು ಸರಿ ಮಾಡಿದರೆ ಆ ಹುಡುಗಿಯ ಅರ್ಧ ಅಳುಕು ಹೋಯಿತು. ನಾವು ಅದನ್ನು ಬಿಟ್ಟು "ನಿನಗೆ ಕಾನ್ಫಿಡೆನ್ಸ್ ಇಲ್ಲ" ಅನ್ನುತ್ತೇವೆ.

ಮನೋರೋಗ ವಿಭಾಗ

ರೋಸೆನ್‌ಬರ್ಗ್ ಬಗ್ಗೆ ಕೇಳಿದ್ರಲ್ಲ ಮೇಡಂ. 1965ರ ಸ್ಕೇಲ್, 10 ಹೇಳಿಕೆಗಳು, ನಾಲ್ಕು ಆಯ್ಕೆ. 2, 5, 6, 8, 9ನೇ ಹೇಳಿಕೆಗಳು ತನ್ನನ್ನೇ ಕೀಳಾಗಿ ಕಾಣೋವು, ಅವಕ್ಕೆ ಅಂಕ ತಿರುಗಿಸಿ ಹಾಕಬೇಕು. ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳಲ್ಲಿ ಇಲ್ಲೇ ಎಡವೋದು. 0ಯಿಂದ 30ರ ಲೆಕ್ಕದಲ್ಲಿ 15ಕ್ಕಿಂತ ಕಡಿಮೆ ಬಂದರೆ ಕಡಿಮೆ ಅಂತ ಸಾಮಾನ್ಯವಾಗಿ ತಗೋತಾರೆ. ಆದರೆ ಇದು ವ್ಯಕ್ತಿ ತನ್ನನ್ನ ಒಟ್ಟಾರೆ ಹೇಗೆ ಕಾಣ್ತಾನೆ ಅನ್ನೋದನ್ನ ಅಳೆಯುತ್ತೆ, ಮನೆ, ಬಾಲ್ಯ, ಹಾಸ್ಟೆಲ್ ಎಲ್ಲ ಅದರಲ್ಲಿ ಸೇರಿರುತ್ತೆ. ಒಂದು ದಿನದ ಕಾರ್ಯಾಗಾರದಿಂದ ಅದು ನಿಜವಾಗಿ ಬದಲಾಗಲ್ಲ. ಬದಲಾದಂತೆ ಕಂಡರೆ ಅದು ಟ್ಯೂಟರನ್ನ ಖುಷಿಪಡಿಸಿದ ಅಂಕ.

8ನೇ ಹೇಳಿಕೆ, ತನ್ನ ಬಗ್ಗೆ ತನಗೆ ಇನ್ನೂ ಹೆಚ್ಚು ಗೌರವ ಇರಬೇಕಿತ್ತು ಅನ್ನುವಂಥದ್ದು, ಬೇರೆ ಬೇರೆ ದೇಶಗಳ ಅನುವಾದಗಳಲ್ಲೂ ತೊಂದರೆ ಕೊಟ್ಟಿದೆ. ನಮ್ಮ ಹುಡುಗಿಯರು ಅದನ್ನ ಒಳ್ಳೆಯ ಹಂಬಲ ಅಂದುಕೊಂಡು "ಹೌದು" ಅಂತಾರೆ, ಅಂಕ ಕಳೆದುಹೋಗುತ್ತೆ. ಇನ್ನು ರೋಲ್ ನಂಬರ್ ಹಾಕಿಸಿಕೊಂಡು, ಇಂಟರ್ನಲ್ ಮಾರ್ಕ್ಸ್ ಕೊಡೋರೇ ಹಾಳೆ ವಾಪಸ್ ತಗೊಂಡ್ರೆ ಇಡೀ ಕ್ಲಾಸಿಗೇ ಭರ್ಜರಿ ಆತ್ಮಗೌರವ!

ಅದರ ಬದಲು ಕೆಲಸವಾರು ಪಟ್ಟಿ ಮಾಡಿ. ರೈಲ್ಸ್ ಟ್ಯೂಬ್ (ಮೂಗಿನ ನಳಿಕೆ) ಫೀಡಿಂಗ್, ಇನ್ಸುಲಿನ್, ಡ್ರೆಸಿಂಗ್, ಕ್ಯಾತಿಟರ್ ಕೇರ್, ಹ್ಯಾಂಡೋವರ್ ಹೀಗೆ ಹದಿನೈದು. ಪ್ರತಿಯೊಂದರ ಮುಂದೆ ನಾಲ್ಕು ಕಾಲಂ: ನೋಡಿಲ್ಲ, ನೋಡಿದ್ದೀನಿ, ಪಕ್ಕದಲ್ಲಿ ಯಾರಾದ್ರೂ ಇದ್ರೆ ಮಾಡ್ತೀನಿ, ನಾನೇ ಮಾಡಿ ತೋರಿಸ್ತೀನಿ. ವಿದ್ಯಾರ್ಥಿ ಒಂದು ಹಾಳೆ, ಅವಳ ಹಾಳೆ ನೋಡದೆ ಟ್ಯೂಟರ್ ಇನ್ನೊಂದು. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ಮಾತಾಡಿ. ಟ್ಯೂಟರ್ "ಮಾಡ್ತಾಳೆ" ಅಂದು ವಿದ್ಯಾರ್ಥಿ "ಆಗಲ್ಲ" ಅಂದಿರೋ ಸಾಲುಗಳೇ ನೀವು ಹುಡುಕ್ತಿರೋ ಸಮಸ್ಯೆ. ತಿರುಗಾಮುರುಗಾ ಇರೋ ಸಾಲುಗಳನ್ನೂ ಬಿಡಬೇಡಿ. ಅತಿ ಧೈರ್ಯದ ವಿದ್ಯಾರ್ಥಿ ಅಳುಕಿನವಳಿಗಿಂತ ಅಪಾಯ.

ಫೈನಲ್ ಇಯರ್ ಜಿಎನ್‌ಎಂ

ಮೇಡಂ, ಬೈಯೋದರ ಬಗ್ಗೆ ಯಾರೂ ಮಾತಾಡ್ತಿಲ್ಲ. ತಪ್ಪಾದ್ರೆ ರೋಗಿ ಮುಂದೇನೇ ಬೈತಾರೆ. ಆಮೇಲೆ ಆ ರೋಗಿ "ನೀನು ಬೇಡಮ್ಮ, ದೊಡ್ಡ ಸಿಸ್ಟರ್‌ನ ಕರಿ" ಅಂತಾರೆ. ಪೋಸ್ಟಿಂಗ್ ಮುಗಿಯೋವರೆಗೂ ಅವರ ಹತ್ರ ಹೋಗೋಕೇ ಆಗಲ್ಲ.

ಕರಾವಳಿ ಸಿಐ

ಸರಿಯಾದ ಮಾತು. ಆದರೆ ಸ್ಟೆರೈಲ್ ಗ್ಲೌಸ್ ಮಂಚಕ್ಕೆ ತಾಗಿದರೆ "ಆಮೇಲೆ ಹೇಳುವ" ಅಂತ ಸುಮ್ಮನಿರಲಿಕ್ಕೂ ಆಗುವುದಿಲ್ಲ. ತಡೆಯುವುದು ಆ ಕ್ಷಣಕ್ಕೆ, ತಿದ್ದುವುದು ಆಮೇಲೆ. ತಡೆಯಲಿಕ್ಕೆ ಒಂದು ಮಾತು ಮೊದಲೇ ಗೊತ್ತು ಮಾಡಿಕೊಂಡಿರಬೇಕು. "ಇಲ್ಲಿಂದ ನಾನು ಮುಂದುವರಿಸ್ತೇನೆ, ನೀನು ಟಾರ್ಚ್ ಹಿಡಿ" ಅಂದರೆ ವಿದ್ಯಾರ್ಥಿಗೆ ಅರ್ಥ ಆಗುತ್ತದೆ, ರೋಗಿಗೆ ಅದು ಮಾಮೂಲಿ ಮಾತು. ಗ್ಲೌಸ್ ಮಾತ್ರ ಬದಲಿಸಬೇಕಾದರೆ "ಗ್ಲೌಸ್ ಬದಲಿಸು" ಅಷ್ಟೇ ಸಾಕು, ಮುಖ ಗಂಟಿಕ್ಕುವುದು ಬೇಡ.

ಅದೇ ಶಿಫ್ಟ್‌ನಲ್ಲಿ, ಟ್ರೀಟ್‌ಮೆಂಟ್ ರೂಮಿನಲ್ಲಿ, ಐದು ನಿಮಿಷ. ಮೊದಲು ಅವಳನ್ನೇ ಕೇಳಿ, ಏನಾಯಿತು ಅಂತ. ಆಮೇಲೆ ನೀವು ಕಂಡದ್ದು: "ಫೋರ್ಸೆಪ್ಸ್ ತುದಿ ಸೊಂಟಕ್ಕಿಂತ ಕೆಳಗೆ ಬಂತು." ಅದರಿಂದ ಏನಾಗುತ್ತದೆ. ಮುಂದಿನ ಸಲ ಏನು ಮಾಡಬೇಕು. ಮುಂದಿನ ಸಲ ಯಾವಾಗ, ಇದನ್ನೇ ಎಲ್ಲರೂ ಮರೆಯುವುದು. "ನಾಳೆ 10 ಗಂಟೆಗೆ ಇದೇ ಡ್ರೆಸಿಂಗ್ ನೀನೇ ಮಾಡಬೇಕು, ನಾನು ಪಕ್ಕದಲ್ಲಿರ್ತೇನೆ" ಅಂದರೆ ತಪ್ಪು ಒಂದು ಡ್ರೆಸಿಂಗಿಗೆ ಮುಗಿಯಿತು. ಎರಡನೇ ಅವಕಾಶ ಕೊಡದೆ ಬಿಟ್ಟರೆ ಅದು ಅವಳ ಸ್ವಭಾವವಾಗಿ ಅವಳ ತಲೆಯಲ್ಲಿ ಕೂರುತ್ತದೆ.

ಇನ್‌ಚಾರ್ಜ್ ಸಿಸ್ಟರ್, ಹುಬ್ಬಳ್ಳಿ

ಐದು ನಿಮಿಷ ಅಂತೀರಿ, ಹತ್ತು ಹುಡುಗೂರಿಗೆ ಒಬ್ಬರೇ ಸಿಐ ಇದ್ರ ಐವತ್ತು ನಿಮಿಷ ಆತ್ರಿ. ಕೆಲವು ಕಾಲೇಜಿನ ಸಿಐ ಅಂತೂ ಅಟೆಂಡೆನ್ಸ್ ತಗೊಂಡು ಮಾಯ ಆಗತಾರ.

ಕರಾವಳಿ ಸಿಐ

ದಿನಾ ಹತ್ತು ಮಂದಿಗೂ ಬೇಡ ಸಿಸ್ಟರ್. ದಿನಕ್ಕೆ ಮೂವರು, ವಾರದಲ್ಲಿ ಎಲ್ಲರದ್ದೂ ಒಂದು ಸುತ್ತು ಆಗುತ್ತದೆ. ಮಾಯ ಆಗುವವರಿಗೆ ಔಷಧಿ ನನ್ನಲ್ಲಿ ಇಲ್ಲ.

ಬಯಲುಸೀಮೆ

ಭಾಷೆ ವಿಷಯಕ್ಕೆ ಬರ್ತೀನಿ. ಯೂನಿವರ್ಸಿಟಿ ಪರೀಕ್ಷೆ ಇಂಗ್ಲಿಷ್‌ನಲ್ಲಿ, ಅದನ್ನ ತಪ್ಪಿಸೋಕಾಗಲ್ಲ. ಆದರೆ ವಾರ್ಡಿನ ಮೊದಲ ಕೇಸ್ ಪ್ರೆಸೆಂಟೇಶನ್ನೂ ಇಂಗ್ಲಿಷ್‌ನಲ್ಲೇ ಆಗಬೇಕು ಅನ್ನೋ ಹಟ ಯಾಕೆ? ಗೊತ್ತಿರೋದನ್ನೂ ಹೇಳಲಾರದೆ ನಿಂತವಳು ತನಗೆ ಏನೂ ಗೊತ್ತಿಲ್ಲ ಅಂತಲೇ ತೀರ್ಮಾನಿಸ್ತಾಳೆ. ಮೊದಲೆರಡು ಕನ್ನಡದಲ್ಲಿ ಹೇಳಲಿ, ರೋಗದ ಹೆಸರು, ಔಷಧದ ಹೆಸರು ಇಂಗ್ಲಿಷಲ್ಲೇ ಇರಲಿ. ಮೂರನೆಯದು ಬರೆದುಕೊಂಡು ಇಂಗ್ಲಿಷ್‌ನಲ್ಲಿ, ನಾಲ್ಕನೆಯದು ಚೀಟಿ ಇಲ್ಲದೆ.

ಪಾಕೆಟ್ ನೋಟ್‌ಬುಕ್ಕಲ್ಲಿ ಎರಡು ಕಾಲಂ ಮಾಡಿಸಿ. ಎಡಕ್ಕೆ ರೋಗಿ ಆಡಿದ ಮಾತು, ಬಲಕ್ಕೆ ಕೇಸ್ ಶೀಟಿನ ಪದ. ಉರಿಮೂತ್ರ ಅಂದ್ರೆ ಡಿಸ್ಯೂರಿಯಾ, ಎದೆ ಡವಡವ ಅಂದ್ರೆ ಪಾಲ್ಪಿಟೇಶನ್, ಮೇಲುಸಿರು ಅಂದ್ರೆ ಡಿಸ್ಪ್ನಿಯಾ. "ಕಣ್ಣು ಕತ್ತಲೆ ಬರುತ್ತೆ" ಅಂದಾಗ ಮಾತ್ರ ಅವಸರ ಬೇಡ, ಎದ್ದಾಗ ಬರೋದಾ, ಕೂತಾಗಲೂ ಬರುತ್ತಾ ಅಂತ ಕೇಳಿ ಬರೆಯಬೇಕು.

ನಮ್ಮ ಕಾಲೇಜುಗಳಲ್ಲಿ ಇನ್ನೊಂದು ಅನುಕೂಲ ಇದೆ, ಯಾರೂ ಬಳಸ್ಕೊಳ್ಳಲ್ಲ. ಕೇರಳದಿಂದ ಬಂದ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಸರಾಗ, ಅಜ್ಜಿಯ ಕನ್ನಡ ಅರ್ಥವಾಗಲ್ಲ. ನಮ್ಮವರಿಗೆ ಇದರ ಉಲ್ಟಾ. ಜೋಡಿ ಹಾಕಿ, ಒಬ್ಬಳು ಕನ್ನಡದಲ್ಲಿ ಹಿಸ್ಟರಿ ಕೇಳಲಿ, ಇನ್ನೊಬ್ಬಳು ಇಂಗ್ಲಿಷ್‌ನಲ್ಲಿ ಬರೆಯಲಿ. ಮೂರು ದಿನಕ್ಕೆ ಪಾತ್ರ ಅದಲುಬದಲು ಮಾಡಲೇಬೇಕು, ಇಲ್ಲಾಂದ್ರೆ ಒಬ್ಬಳು ಕಾಯಂ ದುಭಾಷಿ, ಇನ್ನೊಬ್ಬಳು ಕಾಯಂ ಗುಮಾಸ್ತೆ.

ಮಲೆನಾಡ ಟ್ಯೂಟರ್

ಜೋಡಿ ವಿಚಾರ ಚೆನ್ನಾಗಿದೆ. ಡಾಕ್ಟರ ಮುಂದೆ ಬಾಯಿ ಬಿಡಿಸೋದು ಹೇಗೆ?

ಸ್ಕಿಲ್‌ಲ್ಯಾಬ್ ಮೇಷ್ಟ್ರು

ಎಸ್‌ಬಾರ್. ಅಮೆರಿಕದ ನೌಕಾಪಡೆಯ ಪರಮಾಣು ಸಬ್‌ಮರೀನ್‌ಗಳಲ್ಲಿ ಹುಟ್ಟಿ ಆಸ್ಪತ್ರೆಗೆ ಬಂದ ಪದ್ಧತಿ. ಈಗ ಏನಾಗ್ತಿದೆ, ಹಿನ್ನೆಲೆ ಏನು, ನನಗೆ ಕಂಡದ್ದೇನು, ಏನು ಆಗಬೇಕು, ಈ ನಾಲ್ಕೇ. ವಿದ್ಯಾರ್ಥಿ ಮೊದಲು ಹೇಳಬೇಕಾದ್ದು ಡಾಕ್ಟರಿಗಲ್ಲ, ಸ್ಟಾಫ್ ನರ್ಸ್‌ಗೆ. ಉದಾಹರಣೆಗೆ:

"ಸಿಸ್ಟರ್, 14ನೇ ಬೆಡ್‌ನವರಿಗೆ ಜ್ವರ ಬಂದಿದೆ. ಅಪೆಂಡಿಕ್ಸ್ ಆಪರೇಷನ್ ಆಗಿ ಮೂರನೇ ದಿನ. ಬೆಳಗ್ಗೆ 98.6 ಇತ್ತು, ಈಗ 101.2, ಪಲ್ಸ್ 112, ಹೊಲಿಗೆ ಸುತ್ತ ಕೆಂಪಾಗಿ ಬಿಸಿಯಾಗಿದೆ. ನೀವೊಮ್ಮೆ ನೋಡಿ ಡಾಕ್ಟರಿಗೆ ತಿಳಿಸಬೇಕು."

ಎಣಿಸಿ ನೋಡಿ, ಇಪ್ಪತ್ತು ಸೆಕೆಂಡ್ ಸಾಕು. ಕೊನೆಯ ವಾಕ್ಯವನ್ನ ನುಂಗಿಬಿಡ್ತಾರೆ, "ನಾನ್ಯಾರು ಹೇಳೋಕೆ" ಅಂತ. ಲ್ಯಾಬಿನಲ್ಲಿ ಆ ವಾಕ್ಯ ಇಲ್ಲದಿದ್ರೆ ಮಾರ್ಕ್ಸ್ ಕೊಡಬೇಡಿ. ಸ್ಟಾಫ್‌ಗಳೂ ಒಂದು ಮಾಡಬೇಕು: ಹೇಳಿದ್ದು ಸುಳ್ಳು ಗಾಬರಿ ಆಗಿದ್ರೂ "ಹೇಳಿದ್ದು ಒಳ್ಳೇದಾಯ್ತು" ಅನ್ನಬೇಕು. ಒಂದು ಸಲ "ಅಷ್ಟಕ್ಕೇ ಕರೆದ್ಯಾ" ಅಂದ್ರೆ ಆ ಗುಂಪಿನ ಹತ್ತೂ ಮಂದಿ ಬಾಯಿ ಮುಚ್ಚಿಕೊಳ್ತಾರೆ.

ಬ್ರದರ್ 3ನೇ ಇಯರ್

ನಮ್ಮ ಬಗ್ಗೆನೂ ಹೇಳಿ ಸರ್. ಒಬಿಜಿ (ಹೆರಿಗೆ-ಸ್ತ್ರೀರೋಗ) ಪೋಸ್ಟಿಂಗ್‌ನಲ್ಲಿ ಹುಡುಗರನ್ನ ಹೊರಗೇ ನಿಲ್ಲಿಸ್ತಾರೆ, ಪೇಷೆಂಟ್ ಎತ್ತೋಕೆ, ಸ್ಟ್ರೆಚರ್ ತಳ್ಳೋಕೆ ಮಾತ್ರ ಕರೀತಾರೆ. ಮಾಡಿದ ಕೆಲಸ ಬರೆದು ಸಹಿ ಹಾಕಿಸೋ ಲಾಗ್‌ಬುಕ್ ತುಂಬಿಸೋದು ಹೆಂಗೆ ಅನ್ನೋದೇ ದೊಡ್ಡ ಚಿಂತೆ.

ಬಯಲುಸೀಮೆ

ತಮ್ಮಾ, ನೋಡದ್ದನ್ನ ಬರೀಬೇಡ, ಅದು ಮೊದಲ ಮಾತು. ರೋಗಿಯ ಒಪ್ಪಿಗೆ ಕೇಳಿ, ಮಹಿಳಾ ಸ್ಟಾಫ್ ಜೊತೆಗಿದ್ದು ಪರೀಕ್ಷೆ ಮಾಡೋದಕ್ಕೆ ಅಡ್ಡಿ ಇರಬಾರದು. ಆ ಒಪ್ಪಿಗೆಯನ್ನ ಸ್ಟಾಫ್ ನರ್ಸ್ ಕೇಳಲಿ, ನೀನೇ ಬಾಗಿಲಲ್ಲಿ ನಿಂತು ಕೇಳಿದ್ರೆ "ಬೇಡ" ಅಂತಲೇ ಬರುತ್ತೆ. ಅಷ್ಟಾಗಿಯೂ ರೋಗಿ ಬೇಡ ಅಂದ್ರೆ ಅದು ಅವರ ಹಕ್ಕು, ನಿನ್ನ ಅವಮಾನ ಅಲ್ಲ. ಆ ಹೊತ್ತಿಗೆ ಪಾರ್ಟೋಗ್ರಾಫ್ (ಹೆರಿಗೆ ಹೇಗೆ ಮುಂದುವರಿದಿದೆ ಅಂತ ತೋರಿಸೋ ನಕ್ಷೆ) ಗುರುತು ಹಾಕೋದು, ಮಗು ಹುಟ್ಟಿದ 1ನೇ ಮತ್ತು 5ನೇ ನಿಮಿಷದ ಅಪ್ಗಾರ್ ಸ್ಕೋರ್ (ಮಗುವಿನ ಸ್ಥಿತಿಗೆ ಕೊಡೋ ಅಂಕ), ನವಜಾತ ಶಿಶುವಿನ ತಲೆಯಿಂದ ಪಾದದವರೆಗಿನ ತಪಾಸಣೆ ನಿನ್ನ ಪಾಲಿಗೆ ಕೇಳಿ ತಗೋ. ಗರ್ಭಿಣಿಯ ಹೊಟ್ಟೆ ಪರೀಕ್ಷೆ ಮ್ಯಾನಿಕಿನ್ (ಅಭ್ಯಾಸದ ಗೊಂಬೆ) ಮೇಲೆ ಮಾಡಿ, "ಮ್ಯಾನಿಕಿನ್" ಅಂತಲೇ ಬರೆಸಿ ಸಹಿ ಹಾಕಿಸ್ಕೋ. ಪೋಸ್ಟಿಂಗ್ ಶುರುವಾಗೋ ಮೊದಲೇ ಇದನ್ನೆಲ್ಲ ಬರೆದು ಇನ್‌ಚಾರ್ಜ್‌ಗೆ ಕೊಡಬೇಕಾದ್ದು ನಿಮ್ಮ ಟ್ಯೂಟರ ಕೆಲಸ.

ಮನೋರೋಗ ವಿಭಾಗ

"ನೀಟ್ ಸಿಗ್ಲಿಲ್ಲ" ಅನ್ನೋ ಬೇಸರಕ್ಕೆ ದೀಪ ಹಚ್ಚಿ ನರ್ಸಿಂಗ್‌ಗೆ ಬರಮಾಡಿಕೊಳ್ಳೋ ಲ್ಯಾಂಪ್ ಲೈಟಿಂಗ್, ಅಲ್ಲಿ ಹೇಳಿಸೋ ಪ್ರತಿಜ್ಞೆ ಸಾಲದು. ಆ ನೈಟಿಂಗೇಲ್ ಪ್ರತಿಜ್ಞೆ 1893ರಲ್ಲಿ ಡೆಟ್ರಾಯಿಟ್‌ನಲ್ಲಿ ಬರೆದದ್ದು, ಅದರ ಮೂಲ ಪಾಠದಲ್ಲಿ ವೈದ್ಯರಿಗೆ ನಿಷ್ಠೆಯಿಂದ ನೆರವಾಗ್ತೀನಿ ಅನ್ನೋ ಮಾತಿದೆ. ಬರೀ ಅದೇ ಆದ್ರೆ ವಿದ್ಯಾರ್ಥಿಗೆ ತಾನು ಅರ್ಧ ಡಾಕ್ಟರ್ ಅನ್ನಿಸುತ್ತೆ ಹೊರತು ಪೂರ್ತಿ ನರ್ಸ್ ಅಲ್ಲ.

ಡಾಕ್ಟರ ಆರ್ಡರ್ ಕಾಯದೆ ನರ್ಸ್ ತಾನೇ ತೀರ್ಮಾನಿಸೋ ಕೆಲಸವನ್ನ ಮೊದಲ ವಾರದಲ್ಲೇ ಕೈಗೆ ಕೊಡಿ. ನನ್ನ ಆಯ್ಕೆ ಬೆಡ್‌ಸೋರ್ (ಮಲಗಿದ್ದಲ್ಲೇ ಮಲಗಿ ಆಗೋ ಹುಣ್ಣು) ತಡೆಯೋದು. ಅದರ ಅಪಾಯ ಅಳೆಯೋ ಬ್ರೇಡನ್ ಸ್ಕೇಲ್‌ನಲ್ಲಿ ಆರು ಅಂಶ, ಒಟ್ಟು 6ರಿಂದ 23. ಅಂಕ ಕಡಿಮೆಯಾದಷ್ಟೂ ಅಪಾಯ ಹೆಚ್ಚು, 18 ಅಥವಾ ಕಡಿಮೆ ಬಂದ್ರೆ ಎಚ್ಚರ. ಸ್ಟ್ರೋಕ್ ಆಗಿ ಮಲಗಿರೋ ಒಬ್ಬ ರೋಗಿಯ ಅಂಕವನ್ನ ವಿದ್ಯಾರ್ಥಿಯೇ ಹಾಕಲಿ, ಎಷ್ಟು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಅಂತ ತೀರ್ಮಾನಿಸಿ ತಲೆದಿಂಬಿನ ಹತ್ತಿರ ವೇಳಾಪಟ್ಟಿ ಅಂಟಿಸಲಿ, ಹಿಮ್ಮಡಿ ಹಾಸಿಗೆಗೆ ತಾಗದಂತೆ ದಿಂಬು ಎಲ್ಲಿ ಬರಬೇಕು ಅಂತ ಮನೆಯವರಿಗೆ ತೋರಿಸಲಿ. ಟೈಲ್‌ಬೋನ್ ಹತ್ತಿರದ ಚರ್ಮ ಕೆಂಪಾಗಿದ್ರೆ ಬೆರಳಿಂದ ಒತ್ತಿ ನೋಡಲಿ, ಬೆಳ್ಳಗಾಗದೆ ಕೆಂಪಾಗೇ ಉಳಿದ್ರೆ ಅದು ಬೆಡ್‌ಸೋರ್‌ನ ಮೊದಲ ಹಂತ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣಲ್ಲ, ಬಿಸಿ, ಗಡಸು, ನೋವು ನೋಡಬೇಕು. ಶನಿವಾರ ಆ ಚರ್ಮ ಹಾಗೇ ಉಳಿದಿದ್ರೆ ಅದು ಆ ಹುಡುಗಿ ಮಾಡಿದ ಕೆಲಸ. ಹ್ಯಾಂಡೋವರ್‌ನಲ್ಲಿ ಅವಳ ಹೆಸರು ಹೇಳಿ.

ಹೆಸರಿನ ಮಾತು ಬಂತು. ಬ್ಯಾಡ್ಜ್ ಮೇಲೆ ಕಾಲೇಜಿನ ಹೆಸರು ದೊಡ್ಡದು, ವಿದ್ಯಾರ್ಥಿ ಹೆಸರು ಇರುವೆಯಷ್ಟು. ಕನ್ನಡದಲ್ಲಿ, ಮಂಚದಿಂದ ಓದೋ ಅಳತೆಯಲ್ಲಿ ಬರೆಸಿ. ಬ್ರಿಟನ್ನಿನಲ್ಲಿ ತಾವೇ ರೋಗಿಯಾಗಿ ಮಲಗಿದ್ದ ವೈದ್ಯೆ ಕೇಟ್ ಗ್ರ್ಯಾಂಜರ್, ಸಿಬ್ಬಂದಿ ಹೆಸರು ಹೇಳಿಕೊಳ್ಳದ್ದನ್ನ ಕಂಡು 2013ರಲ್ಲಿ ಇದಕ್ಕಾಗೇ ಅಭಿಯಾನ ಶುರು ಮಾಡಿದ್ರು. ನಮ್ಮಲ್ಲಿ "ಅಜ್ಜಿ, ನಾನು ನರ್ಸಿಂಗ್ ಎರಡನೇ ವರ್ಷದ ವಿದ್ಯಾರ್ಥಿ, ಹೆಸರು ಇಂಥದ್ದು, ಇವತ್ತು ಒಂದೂವರೆವರೆಗೂ ನಿಮ್ಮನ್ನ ನಾನೇ ನೋಡ್ಕೋತೀನಿ" ಅಂದ್ರೆ ಸಾಕು. ವಿದ್ಯಾರ್ಥಿ ಅನ್ನೋದನ್ನ ಮುಚ್ಚಿಡಬಾರದು.

ಫೈನಲ್ ಇಯರ್ ಜಿಎನ್‌ಎಂ

ಓಟಿಯಲ್ಲಿ (ಆಪರೇಷನ್ ಥಿಯೇಟರ್) ತಲೆ ಸುತ್ತಿ ಬಿದ್ದವರನ್ನ "ಇವಳು ನರ್ಸಿಂಗ್‌ಗೆ ಲಾಯಕ್ಕಿಲ್ಲ" ಅಂತ ವರ್ಷಗಟ್ಟಲೆ ಆಡ್ಕೋತಾರೆ. ಅದಕ್ಕೇನು ಮಾಡೋದು ಮೇಡಂ?

ಮನೋರೋಗ ವಿಭಾಗ

ಅದು ಲಾಯಕ್ಕಿನ ಪ್ರಶ್ನೆಯಲ್ಲ, ನಾಡಿಬಡಿತ ನಿಧಾನಿಸೋ ವೇಗಸ್ ನರದ ಆಟ. ಬೆಳಗ್ಗೆ ತಿಂಡಿ ತಿಂದಿರಲ್ಲ, ಮಾಸ್ಕ್ ಒಳಗೆ ಸೆಕೆ, ಮಂಡಿ ಬಿಗಿದುಕೊಂಡು ಒಂದೇ ಕಡೆ ನಿಲ್ಲೋದು, ರಕ್ತ ನೋಡೋದು, ಎಲ್ಲ ಸೇರಿ ಬಿಪಿ, ನಾಡಿ ಎರಡೂ ಇಳಿಯುತ್ತೆ. ತಿಂಡಿ ತಿಂದು, ನೀರು ಕುಡಿದು ಹೋಗಬೇಕು, ಕಾಲ್ಬೆರಳು ಆಡಿಸ್ತಾ ಮೀನಖಂಡ ಬಿಗಿಹಿಡಿದು ಬಿಡ್ತಾ ಇರಬೇಕು. ಬೆವರು, ಕಿವಿಯಲ್ಲಿ ಗುಂಯ್ ಅನ್ನೋದು ಶುರುವಾದ್ರೆ ಸ್ಟೆರೈಲ್ ಟ್ರಾಲಿಯಿಂದ ಹಿಂದೆ ಸರಿದು ನೆಲದ ಮೇಲೇ ಕೂತುಬಿಡಬೇಕು, ಬಾಗಿಲಿಗೆ ಓಡಬಾರದು. ಇದನ್ನ ಓಟಿ ಪೋಸ್ಟಿಂಗ್‌ನ ಮೊದಲ ದಿನವೇ ಎಲ್ಲರಿಗೂ ಹೇಳಿದ್ರೆ ಬಿದ್ದವಳಿಗೆ ನಾಚಿಕೆ ಇರಲ್ಲ. ಪದೇ ಪದೇ ಆಗ್ತಿದ್ರೆ ಹಿಮೋಗ್ಲೋಬಿನ್ ನೋಡಿಸಿ, ಡಾಕ್ಟರಿಗೂ ತೋರಿಸಿ.

ಇನ್ನೊಂದು ಮಾತು. ಮೌನವಾಗಿರೋರಿಗೆಲ್ಲ ಇರೋದು ಅಳುಕೇ ಅಂದ್ಕೋಬೇಡಿ. ಎರಡು ವಾರದಿಂದ ನಿದ್ದೆ ಊಟ ಕೆಟ್ಟಿದ್ದು, ಮೊದಲು ಇಷ್ಟಪಡ್ತಿದ್ದ ಯಾವುದೂ ಬೇಡವಾಗಿದ್ರೆ, ಬದುಕಿ ಏನು ಮಾಡೋದು ಅನ್ನೋ ಮಾತು ಬಂದ್ರೆ ಪ್ರೋತ್ಸಾಹದ ಮಾತು ಸಾಕಾಗಲ್ಲ. ಅವತ್ತೇ ಮನೋವೈದ್ಯರ ಹತ್ತಿರ ಕರ್ಕೊಂಡು ಹೋಗಬೇಕು, ಒಂಟಿ ಬಿಡಬಾರದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು, ಹಗಲೂ ರಾತ್ರಿಯೂ ಸಿಗುತ್ತೆ. ಇಂಟರ್ನಲ್ ಮಾರ್ಕ್ಸ್ ಹಾಕೋ ಟ್ಯೂಟರೇ ಕೌನ್ಸೆಲಿಂಗ್‌ಗೂ ಕೂರಬಾರದು, ವಿದ್ಯಾರ್ಥಿ ನಿಜ ಹೇಳಲ್ಲ.

ಮಲೆನಾಡ ಟ್ಯೂಟರ್

ಇಷ್ಟನ್ನ ಕಾಲೇಜಿನವರ ಮುಂದೆ ಇಡ್ತೀನಿ. ಕಾರ್ಯಾಗಾರ ಮಾತ್ರ ಆಗಲೇಬೇಕು ಅಂತ ಹಟ ಹಿಡಿದ್ರೆ?

ಸ್ಕಿಲ್‌ಲ್ಯಾಬ್ ಮೇಷ್ಟ್ರು

ಹಾಗಿದ್ರೆ ಹೆಸರು ಅದೇ ಇರಲಿ, ಒಳಗಡೆ ಸ್ಟೇಷನ್ ಇಡಿ. ಒಂದರಲ್ಲಿ ಟೀಚಿಂಗ್ ಸ್ಟೆತಸ್ಕೋಪ್ ಹಾಕಿ ಬಿಪಿ, ಒಂದರಲ್ಲಿ ಫೋನ್ ಹಿಡಿದು ಎಸ್‌ಬಾರ್, ಒಂದರಲ್ಲಿ ಡ್ರಿಪ್ ಲೆಕ್ಕ. 500 ಎಂ.ಎಲ್. ನಾಲ್ಕು ಗಂಟೆಯಲ್ಲಿ ಹೋಗಬೇಕು, ಸೆಟ್ ಮೇಲೆ ಎಂ.ಎಲ್.ಗೆ 20 ಹನಿ ಅಂತಿದೆ, 500 ಗುಣಿಸು 20, ಭಾಗಿಸು 240, ನಿಮಿಷಕ್ಕೆ 42 ಹನಿ. ಲೆಕ್ಕ ಬರೆದ ಮೇಲೆ ಕ್ಲಾಂಪ್ ತಿರುಗಿಸಿ, ಗಡಿಯಾರ ನೋಡಿ 42 ಹನಿ ಬೀಳಿಸಿ ತೋರಿಸಬೇಕು. ಸ್ಟೇಷನ್‌ಗೆ 20 ಮಂದಿ, ಗಂಟೆಗೊಂದು ಸುತ್ತು, ಪ್ರತಿ ಸ್ಟೇಷನ್‌ನಲ್ಲಿ ಇಬ್ಬರು ಟ್ಯೂಟರ್. ಊಟದೊಳಗೆ ಮುಗಿಯುತ್ತೆ.

ಇನ್‌ಚಾರ್ಜ್ ಸಿಸ್ಟರ್, ಹುಬ್ಬಳ್ಳಿ

ಆ ಕಾರ್ಯಾಗಾರಕ್ಕ ವಾರ್ಡಿನ ಇನ್‌ಚಾರ್ಜ್‌ಗಳನ್ನೂ ಕರೀರಿ ಮೇಡಂ. ರೋಗಿ ಮುಂದ ಬೈಬಾರದು ಅನ್ನೂದನ್ನ ಹುಡುಗೂರಿಗೆ ಹೇಳಿ ಏನ್ ಉಪಯೋಗ ಐತ್ರಿ, ಕೇಳಬೇಕಾದವ್ರು ನಾವು.